ಕಂಪ್ಯೂಟರಿನಲ್ಲಿ ಟಿವಿ ಬರುತ್ತಿಲ್ಲವೇ? ಟ್ಯೂನರ್ ಕಾರ್ಡಿನ ದೋಷ ಹುಡುಕುವ, ಸರಿಯಾದ ಕಾರ್ಡ್ ಆರಿಸುವ ಬಗೆ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಿಂದ ಟಿವಿ ಟ್ಯೂನರ್ ಕಾರ್ಡ್, ಅಂದರೆ ಕಂಪ್ಯೂಟರಿನಲ್ಲಿ ಟಿವಿ ನೋಡಲು ಬೇಕಾದ ಸಾಧನ, ತಂದಿದ್ದಾಯಿತು. ಕಂಪ್ಯೂಟರಿಗೆ ಹಾಕಿದ್ದೂ ಆಯಿತು. ಗೋಡೆಯಿಂದ ಬರುವ ಕೇಬಲ್ ಸಿಕ್ಕಿಸಿ ಸ್ಕ್ಯಾನ್ ಒತ್ತಿದರೆ ಒಂದು ಚಾನೆಲ್ಲೂ ಇಲ್ಲ. ಬೆಂಗಳೂರಿನ ಮನೆಗಳಲ್ಲಿ ಇದು ಮಾಮೂಲಿ ದೂರು. ಕಾರ್ಡ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಕೊಳ್ಳುವವರಿದ್ದಾರೆ. ಅದರಲ್ಲೂ ಅದೇ ಕಥೆ.

ಕಾರ್ಡನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಬೇಕು. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಮನೆಗೆ ಬರುತ್ತಿರುವ ಸಿಗ್ನಲ್ ಯಾವುದು? ಕೇಬಲ್‌ನವರದ್ದೇ, ತಾರಸಿಯ ಡಿಶ್‌ನದ್ದೇ, ಆಂಟೆನಾದ್ದೇ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ದೋಷ ಅಲ್ಲೇ ಗೊತ್ತಾಗುತ್ತದೆ. ಇನ್ನೂ ಕಾರ್ಡ್ ಕೊಂಡಿಲ್ಲದವರಿಗೆ ಯಾವುದನ್ನು ಕೊಳ್ಳಬೇಕು ಎನ್ನುವುದೂ ಇದೇ ಉತ್ತರದಿಂದ ಗೊತ್ತಾಗುತ್ತದೆ. ಹಾಗಾಗಿ ಕಾರ್ಡ್ ಇರುವವರೂ ಇಲ್ಲದವರೂ ಕೆಳಗಿನ ಮೊದಲ ಲಕ್ಷಣವನ್ನು ಓದಿ. ಉಳಿದದ್ದರಲ್ಲಿ ನಿಮ್ಮ ತೊಂದರೆ ಯಾವುದೋ ಅಲ್ಲಿಗೆ ಹೋದರೆ ಸಾಕು.

## ಕ್ಯಾಬಿನೆಟ್ ತೆರೆಯುವ ಮುನ್ನ

ಹೆಚ್ಚಿನ ಪರೀಕ್ಷೆಗಳಿಗೆ ಕ್ಯಾಬಿನೆಟ್ ತೆರೆಯಬೇಕಾಗಿಲ್ಲ. ತೆರೆಯಲೇಬೇಕಾದಾಗ ಕಂಪ್ಯೂಟರ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಯುಪಿಎಸ್ ಇದ್ದರೆ ಅದರಿಂದಲೂ ಬಿಡಿಸಿ. ಟಿವಿ ಕೇಬಲ್ಲನ್ನೂ ಕಳಚಿ, ಏಕೆಂದರೆ ಆ ತಂತಿಯಿಂದಲೂ ಕರೆಂಟ್ ಬರಬಹುದು. ಕಾರ್ಡ್ ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಹೋಗುತ್ತದೆ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಬೆರಳಿಂದ ಮುಟ್ಟಬೇಡಿ.

ಎಸ್‌ಎಂಪಿಎಸ್ ಡಬ್ಬಿಯನ್ನು, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯನ್ನು, ಯಾವ ಕಾರಣಕ್ಕೂ ಬಿಚ್ಚಬೇಡಿ. 230 ವೋಲ್ಟ್ ಎಸಿ ಅದರೊಳಗೆ 325 ವೋಲ್ಟ್‌ನಷ್ಟು ಡಿಸಿ ಆಗುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು.

ಇನ್ನೊಂದು ಎಚ್ಚರಿಕೆ ಹವಾಮಾನದ್ದು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬೆಂಗಳೂರಿನ ಗುಡುಗು ಮಳೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಗುಡುಗು ಶುರುವಾಗುವ ಮುಂಚೆಯೇ ಡಿಶ್ ಅಥವಾ ಆಂಟೆನಾದ ಕೇಬಲ್ಲನ್ನು ಕಾರ್ಡಿನಿಂದ ಕಳಚಿಡಿ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಆ ತಂತಿಯ ಮೂಲಕ ಟ್ಯೂನರ್ ಮಾತ್ರ ಅಲ್ಲ, ಮದರ್‌ಬೋರ್ಡ್ ಕೂಡ ಸುಡಬಹುದು. ಗುಡುಗು ಶುರುವಾದ ಮೇಲೆ ಕಳಚಲು ಹೋಗಬೇಡಿ, ಆಗ ಮುಟ್ಟುವ ಕೈಗೇ ಅಪಾಯ.

## ಸ್ಕ್ಯಾನ್ ಮುಗಿದರೂ ಒಂದೂ ಚಾನೆಲ್ ಸಿಗುವುದಿಲ್ಲ

ಇದೇ ಅತಿ ಹೆಚ್ಚು ಜನ ಹೇಳುವ ಲಕ್ಷಣ. ಕಾರಣ ಮನೆಗೆ ಬರುವ ಸಿಗ್ನಲ್ಲಿಗೆ ತಕ್ಕಂತೆ ಬೇರೆ ಬೇರೆ.

ನಿಮ್ಮದು ಕೇಬಲ್ ಆದರೆ ಹೀಗೆ. ಹಿಂದೆ ಕೇಬಲ್‌ನವರು ಕಳಿಸುತ್ತಿದ್ದದ್ದು ಅನಲಾಗ್ ಸಿಗ್ನಲ್. ತಂತಿಯನ್ನು ನೇರವಾಗಿ ಟಿವಿಗೋ ಟ್ಯೂನರ್ ಕಾರ್ಡಿಗೋ ಹಾಕಿದರೆ ಚಾನೆಲ್‌ಗಳು ಬರುತ್ತಿದ್ದವು. ಕೇಬಲ್ ಡಿಜಿಟಲೀಕರಣದ ಎರಡನೇ ಹಂತದಲ್ಲಿ 38 ನಗರಗಳಿದ್ದವು. ಬೆಂಗಳೂರು, ಮೈಸೂರು ಎರಡೂ ಆ ಪಟ್ಟಿಯಲ್ಲಿದ್ದವು. ಅದಕ್ಕೆ ಕೊಟ್ಟ ಗಡುವು 2013ರ ಮಾರ್ಚ್ 31. ಆಮೇಲೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಈಗ ತಂತಿಯಲ್ಲಿ ಬರುವುದು ಡಿಜಿಟಲ್ ಸಿಗ್ನಲ್, ಅದಕ್ಕೂ ಬೀಗ ಹಾಕಿರುತ್ತಾರೆ. ಬೀಗದ ಕೈ ಇರುವುದು ನಿಮ್ಮ ಸೆಟ್‌ಟಾಪ್ ಬಾಕ್ಸಿನಲ್ಲಿ ಮಾತ್ರ. ಹಳೆಯ ಅನಲಾಗ್ ಕಾರ್ಡಿಗೆ ಈ ಸಿಗ್ನಲ್ ಅರ್ಥವೇ ಆಗುವುದಿಲ್ಲ. ಡಿವಿಬಿ-ಸಿ ಎನ್ನುವ ಡಿಜಿಟಲ್ ಕೇಬಲ್ ಕಾರ್ಡ್ ತಂದರೂ ಬೀಗ ಬಿಚ್ಚಲು ಆಗುವುದಿಲ್ಲ.

ಇದನ್ನು ಖಾತ್ರಿ ಮಾಡಿಕೊಳ್ಳಲು ಖರ್ಚಿಲ್ಲದ ಪರೀಕ್ಷೆ ಇದೆ. ಅದೇ ತಂತಿಯನ್ನು ಬಾಕ್ಸ್ ಇಲ್ಲದೆ ಒಂದು ಹಳೆಯ ಟಿವಿಗೆ ನೇರವಾಗಿ ಹಾಕಿ ಸ್ಕ್ಯಾನ್ ಮಾಡಿ. ಬರೀ ಚುಕ್ಕಿ ಚುಕ್ಕಿ ಬಂದರೆ ತಂತಿಯಲ್ಲಿ ಅನಲಾಗ್ ಇಲ್ಲ ಎಂದೇ ಲೆಕ್ಕ. ನಿಮ್ಮ ಕಾರ್ಡಿನಲ್ಲಿ ದೋಷವಿಲ್ಲ.

ಹಾಗಂತ ಹಳೆಯ ಕಾರ್ಡನ್ನು ಗುಜರಿಗೆ ಹಾಕಬೇಕಿಲ್ಲ. ಹೆಚ್ಚಿನ ಕಾರ್ಡುಗಳ ಹಿಂದೆ ಹಳದಿ ಬಣ್ಣದ ಕಾಂಪೋಸಿಟ್ ಜ್ಯಾಕ್ ಇರುತ್ತದೆ. ಕೆಲವದರಲ್ಲಿ ಎಸ್-ವಿಡಿಯೋ ಕೂಡ. ಸೆಟ್‌ಟಾಪ್ ಬಾಕ್ಸಿನ ಹಳದಿ ಪಿನ್ನಿನಿಂದ ಕಾರ್ಡಿನ ಹಳದಿ ಪಿನ್ನಿಗೆ ತಂತಿ ಹಾಕಿ. ಬಿಳಿ, ಕೆಂಪು ಪಿನ್ನುಗಳ ಶಬ್ದವನ್ನು ಕಂಪ್ಯೂಟರಿನ ಲೈನ್-ಇನ್‌ಗೆ ಕೊಡಿ. ಸಾಫ್ಟ್‌ವೇರಿನಲ್ಲಿ ‘ಟಿವಿ’ ಬದಲು ‘ಕಾಂಪೋಸಿಟ್’ ಆರಿಸಿ. ಚಿತ್ರ ಬರುತ್ತದೆ. ಚಾನೆಲ್ ಬದಲಿಸುವುದು ಮಾತ್ರ ಬಾಕ್ಸಿನ ರಿಮೋಟಿನಿಂದಲೇ. ಚಿತ್ರದ ಅಳತೆ 720×576 ಮಾತ್ರ ಇರುವುದರಿಂದ ದೊಡ್ಡ ಮಾನಿಟರಿನಲ್ಲಿ ಸ್ವಲ್ಪ ಮಸುಕಾಗಿ ಕಾಣುತ್ತದೆ. ಅದು ದೋಷವಲ್ಲ, ಅದರ ಮಿತಿಯೇ ಅಷ್ಟು.

ನಿಮ್ಮದು ಆಂಟೆನಾ ಆದರೆ ಇನ್ನೊಂದು ಹಳ್ಳ ಇದೆ, ತುಂಬಾ ಜನ ಬೀಳುವಂಥದ್ದು. ದೂರದರ್ಶನ 2016ರ ಫೆಬ್ರವರಿಯಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಭೂ ಪ್ರಸಾರ ಆರಂಭಿಸಿತು. ಅದು ಬಳಸುವ ಪದ್ಧತಿ ಡಿವಿಬಿ-ಟಿ2. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಯುಎಸ್‌ಬಿ ಸ್ಟಿಕ್‌ಗಳಲ್ಲಿ ಬಹಳಷ್ಟು ಅದಕ್ಕಿಂತ ಹಳೆಯ ಪದ್ಧತಿಯಾದ ಡಿವಿಬಿ-ಟಿ ಮಾತ್ರ. ಆರ್‌ಟಿಎಲ್2832ಯು ಚಿಪ್ ಇರುವ ಹೆಸರುವಾಸಿ ಸ್ಟಿಕ್ಕೂ ಅಷ್ಟೇ. ರೇಡಿಯೋ ಪ್ರಯೋಗಗಳಿಗೆ ಅದು ಬಹಳ ಒಳ್ಳೆಯದು, ಆದರೆ ಟಿ2 ಓದುವುದಿಲ್ಲ. ಪೆಟ್ಟಿಗೆಯ ಮೇಲೆ ‘ಡಿಜಿಟಲ್ ಟಿವಿ’ ಎಂದಷ್ಟೇ ಬರೆದಿದ್ದರೆ ನಂಬಬೇಡಿ. ಅಮೆರಿಕದ ಎಟಿಎಸ್‌ಸಿ, ಜಪಾನಿನ ಐಎಸ್‌ಡಿಬಿ-ಟಿ ಸ್ಟಿಕ್‌ಗಳ ಮೇಲೂ ಅದೇ ಬರೆದಿರುತ್ತದೆ. ನಮ್ಮಲ್ಲಿ ಅವು ಉಪಯೋಗಕ್ಕೆ ಬಾರವು.

ಟಿ2 ಕಾರ್ಡೇ ಇದ್ದರೂ ಸಿಗ್ನಲ್ ಬರಬೇಕಲ್ಲ. ಟಿ2 ಟ್ಯೂನರ್ ಒಳಗೇ ಇರುವ ಟಿವಿ ಪರಿಚಯದವರ ಬಳಿ ಇದ್ದರೆ ತಂದು, ನಿಮ್ಮ ಆಂಟೆನಾಕ್ಕೆ ಹಾಕಿ ಸ್ಕ್ಯಾನ್ ಮಾಡಿ ನೋಡಿ. ಅಲ್ಲಿ ಬಾರದ್ದು ಕಾರ್ಡಿನಲ್ಲೂ ಬರುವುದಿಲ್ಲ. ಕೊಳ್ಳುವ ಮುಂಚೆಯೇ ಈ ಪರೀಕ್ಷೆ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ. ಸಾಫ್ಟ್‌ವೇರಿನಲ್ಲಿ ದೇಶ ಭಾರತ ಎಂದಿರಲಿ. ಆ ಆಯ್ಕೆ ಇಲ್ಲದಿದ್ದರೆ ಯುಎಚ್‌ಎಫ್‌ಗೆ ಒಂದು ಚಾನೆಲ್ಲಿನ ಅಗಲ 8 ಮೆಗಾಹರ್ಟ್ಸ್ ಎಂದು ಕೈಯಾರೆ ಕೊಡಿ. ಇದು 6 ಅಥವಾ 7 ಎಂದಿದ್ದರೆ ಸಿಗ್ನಲ್ ಇದ್ದರೂ ಸ್ಕ್ಯಾನ್ ಖಾಲಿ ಬರುತ್ತದೆ. ಆಂಟೆನಾದಿಂದ ಸಿಗುವುದು ದೂರದರ್ಶನದ ಚಾನೆಲ್‌ಗಳು ಮಾತ್ರ. ಖಾಸಗಿ ಕನ್ನಡ ಚಾನೆಲ್ ಬೇಕು ಅಂದರೆ ಈ ದಾರಿ ನಿಮಗಲ್ಲ.

ನಿಮ್ಮದು ಡಿಶ್ ಆದರೆ, ಅದು ಯಾರ ಡಿಶ್ ಅಂತ ನೋಡಿ. ಹಣ ಕಟ್ಟುವ ಡಿಟಿಎಚ್ ಆದರೆ ಅದಕ್ಕೂ ಬೀಗವಿದೆ, ಕೇಬಲ್ಲಿನ ಮಾತೇ ಇಲ್ಲಿಗೂ ಸಲ್ಲುತ್ತದೆ. ಆದರೆ ಡಿಡಿ ಫ್ರೀ ಡಿಶ್ ಇದೆಯಲ್ಲ, ಅದು ಟ್ಯೂನರ್ ಕಾರ್ಡ್ ಇರುವವರಿಗೆ ನಿಜವಾಗಿ ಒದಗುವಂಥದ್ದು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಯಿತು. ತಿಂಗಳ ಬಾಡಿಗೆ ಇಲ್ಲ. ನಮ್ಮ ಚಂದನ ವಾಹಿನಿಯೂ ಇದೆ. ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿದ ಇಸ್ರೋ ಉಪಗ್ರಹ ಅದು.

ಬೆಂಗಳೂರಿನಿಂದ ನೋಡಿದರೆ ಈ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿ, ಉತ್ತರದಿಂದ ಎಣಿಸಿದರೆ ಸುಮಾರು 128 ಡಿಗ್ರಿಯಲ್ಲಿ ಇದೆ. ನೆಲದಿಂದ ಸುಮಾರು 66 ಡಿಗ್ರಿ ಎತ್ತರ. ಇದು ನಮ್ಮೂರಿನ ಅನುಕೂಲ. ಪಕ್ಕದ ಕಟ್ಟಡ ಸ್ವಲ್ಪ ಎತ್ತರವಾಗಿದ್ದರೂ ಅಷ್ಟಾಗಿ ಅಡ್ಡ ಬರುವುದಿಲ್ಲ. ಮರದ ಕೊಂಬೆ ತಲೆಯ ಮೇಲೇ ಚಾಚಿದ್ದರೆ ಮಾತ್ರ ತೊಂದರೆ. ಫೋನಿನ ದಿಕ್ಸೂಚಿ ಹಿಡಿದು ನೋಡಿ. ಮಾಮೂಲಿ ಚಿಕ್ಕ ಡಿಶ್ ಆಫ್‌ಸೆಟ್ ಬಗೆಯದ್ದು, ಹಾಗಾಗಿ ತಟ್ಟೆ ಆಕಾಶಕ್ಕೆ ಅಷ್ಟು ಮುಖ ಮಾಡಿದಂತೆ ಕಾಣುವುದಿಲ್ಲ. ಅದನ್ನು ನೋಡಿ ಕೋನ ತಪ್ಪಿದೆ ಅಂದುಕೊಂಡು ತಿರುಗಿಸಬೇಡಿ.

ಡಿಶ್ ಸರಿ ಇದೆಯೋ ಇಲ್ಲವೋ ತಿಳಿಯಲು ಫ್ರೀ ಡಿಶ್ ಬಾಕ್ಸನ್ನೇ ಅದೇ ತಂತಿಗೆ ಹಾಕಿ. ಟಿವಿಯಲ್ಲಿ ಚಾನೆಲ್ ಬಂದರೆ ಡಿಶ್, ಎಲ್‌ಎನ್‌ಬಿ, ತಂತಿ ಮೂರೂ ಸರಿ. (ಡಿಶ್ ಮುಂದಿನ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಚಿಕ್ಕ ಡಬ್ಬಿಯೇ ಎಲ್‌ಎನ್‌ಬಿ.) ಆಗ ಸಾಫ್ಟ್‌ವೇರಿನಲ್ಲಿ ಎಲ್‌ಎನ್‌ಬಿ ಸಂಖ್ಯೆ ನೋಡಿ. ಯೂನಿವರ್ಸಲ್ ಎಲ್‌ಎನ್‌ಬಿ ಆದರೆ 9750 ಮತ್ತು 10600 ಎಂದಿರಬೇಕು. ಎಲ್‌ಎನ್‌ಬಿಯ ಮೇಲೆ ಅಂಟಿಸಿರುವ ಚೀಟಿಯಲ್ಲಿ ಈ ಸಂಖ್ಯೆ ಇರುತ್ತದೆ. ಸಂಖ್ಯೆ ತಪ್ಪಿದರೆ ಸ್ಕ್ಯಾನ್ ಖಾಲಿ ಬರಬಹುದು.

## ಹೆಸರುಗಳು ಬರುತ್ತವೆ, ಚಿತ್ರ ಬರುವುದಿಲ್ಲ

ಡಿಶ್ ಸ್ಕ್ಯಾನ್ ಮಾಡಿದಾಗ ರಾಶಿ ರಾಶಿ ಚಾನೆಲ್ ಹೆಸರು ಬರುತ್ತವೆ, ಒತ್ತಿದರೆ ಕಪ್ಪು ಪರದೆ. ಅದೇ ಸ್ಥಾನದ ಉಪಗ್ರಹದಿಂದ ಹಣ ಕಟ್ಟುವ ಡಿಟಿಎಚ್ ಚಾನೆಲ್‌ಗಳೂ ಬರುತ್ತವೆ. ಅವುಗಳ ಹೆಸರಿಗೆ ಬೀಗವಿಲ್ಲ, ಚಿತ್ರಕ್ಕೆ ಇದೆ. ಸ್ಕ್ಯಾನ್ ಮಾಡುವಾಗ ‘ಉಚಿತ ಚಾನೆಲ್ ಮಾತ್ರ’ ಎಂಬ ಆಯ್ಕೆ ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ. ಬೀಗ ಒಡೆಯುವ ಸಾಫ್ಟ್‌ವೇರ್ ಎಂದು ಯಾರಾದರೂ ಕೊಟ್ಟರೆ ಬೇಡ ಅನ್ನಿ. ಕಾನೂನಿನ ಪ್ರಕಾರ ಅದು ತಪ್ಪು, ಜೊತೆಗೆ ವೈರಸ್ ಬರುವ ದಾರಿಯೂ ಹೌದು.

ಉಚಿತ ಚಾನೆಲ್ಲೇ ಬರೀ ಶಬ್ದ ಬಂದು ಚಿತ್ರ ಬಾರದಿದ್ದರೆ ಡಿಕೋಡರ್ ಇಲ್ಲ ಎಂದರ್ಥ. ಫ್ರೀ ಡಿಶ್‌ನಲ್ಲಿ ಎಂಪೆಗ್-2, ಎಂಪೆಗ್-4 ಎರಡೂ ಬಗೆ ಇವೆ. ಕಾರ್ಡಿನ ಜೊತೆ ಬಂದ ಹಳೆಯ ಸಾಫ್ಟ್‌ವೇರಿಗೆ ಎರಡನೆಯದು ಗೊತ್ತಿರುವುದಿಲ್ಲ. ವಿಎಲ್‌ಸಿ ಹಾಕಿ ನೋಡಿ, ಪುಕ್ಕಟೆ ಸಿಗುತ್ತದೆ.

## ಕೆಲವು ಚಾನೆಲ್ ಬರುತ್ತವೆ, ಕೆಲವು ಬರುವುದೇ ಇಲ್ಲ

ಮೂರು ಕಾರಣ ಸಾಮಾನ್ಯ. ಮೊದಲನೆಯದು, ನಿಮ್ಮ ಕಾರ್ಡ್ ಬರೀ ಡಿವಿಬಿ-ಎಸ್ (ಡಿಶ್ ಪ್ರಸಾರದ ಹಳೆಯ ಪದ್ಧತಿ) ಆಗಿದ್ದು, ಬಾರದ ಚಾನೆಲ್‌ಗಳು ಹೊಸ ಪದ್ಧತಿಯಾದ ಡಿವಿಬಿ-ಎಸ್2 ಆಗಿರುವುದು. ಇದನ್ನು ಯಾವ ಸೆಟ್ಟಿಂಗ್‌ನಿಂದಲೂ ಸರಿಪಡಿಸಲು ಆಗದು, ಕಾರ್ಡ್ ಬದಲಿಸಬೇಕು.

ಎರಡನೆಯದು ವೋಲ್ಟೇಜ್. ತಾರಸಿಯ ಎಲ್‌ಎನ್‌ಬಿಗೆ ಕರೆಂಟ್ ಕಳಿಸುವುದು ನಿಮ್ಮ ಕಾರ್ಡೇ. 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣದ (ಮೇಲೆ ಕೆಳಗೆ ಅಲುಗುವ ಅಲೆಯ) ಚಾನೆಲ್, 18 ವೋಲ್ಟ್ ಕೊಟ್ಟರೆ ಅಡ್ಡ ಧ್ರುವೀಕರಣದ್ದು. ಇದಕ್ಕೆ ಬೇಕಾದಷ್ಟು ಶಕ್ತಿ ಯುಎಸ್‌ಬಿ ಒಂದರಿಂದಲೇ ಸಿಗುವುದು ಕಷ್ಟ. ಅದಕ್ಕೇ ಯುಎಸ್‌ಬಿ ಡಿಶ್ ಟ್ಯೂನರಿನ ಜೊತೆ ಬೇರೆ ಅಡಾಪ್ಟರ್ ಕೊಟ್ಟಿರುತ್ತಾರೆ. ಕೆಲವು ಒಳಗಿನ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ಒಂದು ಪವರ್ ತಂತಿ ಕೊಡಬೇಕು. ಅಡಾಪ್ಟರ್ ಸಡಿಲವಾಗಿದೆಯೇ, ಆ ತಂತಿ ಹಾಕುವುದೇ ಮರೆತಿದೆಯೇ, ಮೊದಲು ನೋಡಿ.

ಮೂರನೆಯದು ಹಂಚಿಕೆ. ಹಾಲ್‌ನ ಟಿವಿಯಲ್ಲಿ ಯಾರೋ ಚಾನೆಲ್ ಬದಲಿಸಿದ ಕೂಡಲೇ ನಿಮ್ಮ ಕಂಪ್ಯೂಟರಿನಲ್ಲಿ ಚಿತ್ರ ಹೋಗುತ್ತದೆಯೇ? ಒಂದೇ ಎಲ್‌ಎನ್‌ಬಿಯ ತಂತಿಯನ್ನು ಇಬ್ಬರಿಗೂ ಕವಲು ಮಾಡಿದ್ದಾರೆ ಎಂದರ್ಥ. ಒಂದು ಕಡೆ 13, ಇನ್ನೊಂದು ಕಡೆ 18 ಕೇಳಿದರೆ ಎಲ್‌ಎನ್‌ಬಿ ಇಬ್ಬರ ಮಾತನ್ನೂ ಕೇಳಲಾರದು. ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಕಂಪ್ಯೂಟರಿಗೆ ಬೇರೆ ತಂತಿ ಎಳೆಸಿ. ಇನ್ನೊಂದು ಮಾತು, ಕೇಬಲ್ ಟಿವಿಯ ಸ್ಪ್ಲಿಟರ್ ಡಿಶ್ ತಂತಿಗೆ ಆಗುವುದಿಲ್ಲ. ಅದು 1000 ಮೆಗಾಹರ್ಟ್ಸ್‌ವರೆಗೆ ಮಾತ್ರ. ಡಿಶ್ ತಂತಿಯಲ್ಲಿ ಹರಿಯುವುದು 950ರಿಂದ 2150.

## ಕಂಪ್ಯೂಟರ್ ಕಾರ್ಡನ್ನು ಗುರುತಿಸುವುದೇ ಇಲ್ಲ

ಯುಎಸ್‌ಬಿ ಆದರೆ ಮುಂದಿನ ಪೋರ್ಟಿನಿಂದ ತೆಗೆದು ಹಿಂದಿನದಕ್ಕೆ ಹಾಕಿ. ಎಕ್ಸ್‌ಟೆನ್ಶನ್ ತಂತಿ, ಹಬ್ ಎರಡನ್ನೂ ಬಿಡಿ. ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗುತ್ತದೆ. ತೀರಾ ಹಳೆಯ ಕಂಪ್ಯೂಟರಿನ ಯುಎಸ್‌ಬಿ 1.1 ಪೋರ್ಟ್ ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ಸಾಗಿಸುತ್ತದೆ. ಕುಗ್ಗಿಸದ ಪಾಲ್ (ನಮ್ಮ ದೇಶದ ಅನಲಾಗ್ ಟಿವಿ ಪದ್ಧತಿ) ಚಿತ್ರಕ್ಕೆ 160ಕ್ಕೂ ಜಾಸ್ತಿ ಬೇಕು. ಕನಿಷ್ಠ ಯುಎಸ್‌ಬಿ 2.0 ಇರಲೇಬೇಕು.

ಒಳಗೆ ಹಾಕುವ ಕಾರ್ಡ್ ಆದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನ ಜೊತೆ ‘ಮಲ್ಟಿಮೀಡಿಯಾ ವಿಡಿಯೋ ಕಂಟ್ರೋಲರ್’ ಎಂದು ಕಂಡರೆ ಅದು ಒಳ್ಳೆಯ ಸುದ್ದಿ. ಕಾರ್ಡ್ ಬದುಕಿದೆ, ಡ್ರೈವರ್ ಇಲ್ಲ ಅಷ್ಟೇ. ಅದರ ಹಾರ್ಡ್‌ವೇರ್ ಐಡಿ ನೋಡಿ. ವೆಂಡರ್ ಸಂಖ್ಯೆ 1131 ಇದ್ದರೆ ಫಿಲಿಪ್ಸ್ ಚಿಪ್, 109ಇ ಇದ್ದರೆ ಬ್ರೂಕ್‌ಟ್ರೀ, 14ಎಫ್1 ಇದ್ದರೆ ಕಾನೆಕ್ಸಂಟ್. ಪೆಟ್ಟಿಗೆಯ ಮೇಲಿನ ಕಂಪನಿ ಹೆಸರು ಯಾವುದೇ ಇರಲಿ, ಡ್ರೈವರ್ ಹುಡುಕಬೇಕಾದದ್ದು ಈ ಚಿಪ್ಪಿನ ಲೆಕ್ಕದಲ್ಲಿ.

ಹಳೆಯ ಕಾರ್ಡಿನ ಸಿಡಿಯಲ್ಲಿರುವುದು ಸಾಮಾನ್ಯವಾಗಿ ಎಕ್ಸ್‌ಪಿ ಕಾಲದ ಡ್ರೈವರ್. 64 ಬಿಟ್ ವಿಸ್ಟಾದಿಂದ ಈಚೆಗಿನ ವಿಂಡೋಸ್ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಒಪ್ಪುವುದಿಲ್ಲ. ವಿಂಡೋಸ್‌ನ ಸುರಕ್ಷತೆಯನ್ನು ಆಫ್ ಮಾಡಿ ಅದನ್ನು ತುರುಕುವ ಸಲಹೆ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿನಲ್ಲಂತೂ ಬೇಡವೇ ಬೇಡ. ಅದರ ಬದಲು ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿ, ಏನೂ ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ. ಈ ಹಳೆಯ ಚಿಪ್‌ಗಳಿಗೆಲ್ಲ ಲಿನಕ್ಸ್ ಕರ್ನೆಲ್ಲಿನಲ್ಲಿ ಡ್ರೈವರ್ ಇದೆ. ಅಲ್ಲಿ ಚಿತ್ರ ಬಂದರೆ ಕಾರ್ಡ್ ಸರಿ, ತಪ್ಪು ವಿಂಡೋಸ್ ಡ್ರೈವರಿನದ್ದು. ಕಾರ್ಡನ್ನೂ ಡ್ರೈವರನ್ನೂ ಬೇರ್ಪಡಿಸಿ ನೋಡಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಡಿವೈಸ್ ಮ್ಯಾನೇಜರಿನಲ್ಲಿ ಏನೂ ಕಾಣದಿದ್ದರೆ ಮಾತ್ರ ಕ್ಯಾಬಿನೆಟ್ ತೆರೆಯಿರಿ. ಮೇಲಿನ ಎಚ್ಚರಿಕೆ ನೆನಪಿರಲಿ. ಕಾರ್ಡ್ ತೆಗೆದು, ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಬೇರೆ ಸ್ಲಾಟಿಗೆ ಹಾಕಿ. ಒಂದು ಕಡೆ ಎದ್ದುಕೊಂಡಿರದಂತೆ ಸಮನಾಗಿ ಒತ್ತಿ, ಸ್ಕ್ರೂ ಬಿಗಿ ಮಾಡಿ. ಕಾರ್ಡಿನ ಮೇಲೆ ಉಬ್ಬಿದ ಕೆಪಾಸಿಟರ್ ಅಥವಾ ಸುಟ್ಟ ಕಲೆ ಕಂಡರೆ ಮತ್ತೆ ಹಾಕಬೇಡಿ.

## ಕಪ್ಪು ಬಿಳುಪು ಚಿತ್ರ, ಅಥವಾ ಚಿತ್ರ ಮೇಲೆ ಕೆಳಗೆ ಓಡುತ್ತದೆ

ಇದು ಸುಲಭದ್ದು. ಸಾಫ್ಟ್‌ವೇರಿನಲ್ಲಿ ವಿಡಿಯೋ ಪದ್ಧತಿ ಎನ್‌ಟಿಎಸ್‌ಸಿ ಎಂದಿದೆ. ನಮ್ಮ ದೇಶದ್ದು ಪಾಲ್-ಬಿ/ಜಿ, 625 ಗೆರೆ, ಸೆಕೆಂಡಿಗೆ 25 ಚಿತ್ರ. ಅದನ್ನು ಆರಿಸಿ. ಓಡುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ‘ಡಿಇಂಟರ್‌ಲೇಸ್’ ಆನ್ ಮಾಡಿ. ಕ್ರಿಕೆಟ್ ನೋಡುವಾಗ ಇದು ಎದ್ದು ಕಾಣುತ್ತದೆ.

ಪರದೆ ಪೂರ್ತಿ ನೀಲಿ ಅಥವಾ ಕಪ್ಪಾಗಿದ್ದರೆ ಇನ್‌ಪುಟ್ ತಪ್ಪಿದೆ. ಟಿವಿ, ಕಾಂಪೋಸಿಟ್, ಎಸ್-ವಿಡಿಯೋ ಒಂದೊಂದಾಗಿ ಬದಲಿಸಿ ನೋಡಿ. ಸೆಟ್‌ಟಾಪ್ ಬಾಕ್ಸನ್ನು ಎಚ್‌ಡಿಎಂಐ ಕ್ಯಾಪ್ಚರ್ ಕಾರ್ಡಿಗೆ ಹಾಕಿದಾಗ ಕಪ್ಪು ಪರದೆ ಬಂದರೆ ಕಾರಣ ಎಚ್‌ಡಿಸಿಪಿ ಎಂಬ ನಕಲು ತಡೆ. ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ, ಹಳದಿ ಪಿನ್ನಿಗೆ ಹೋಗಿ.

## ಚಿತ್ರ ಇದೆ, ಶಬ್ದ ಇಲ್ಲ

ಮೊದಲು ವಿಂಡೋಸ್‌ನ ಧ್ವನಿ ಪಟ್ಟಿಯಲ್ಲಿ ಲೈನ್-ಇನ್ ಮ್ಯೂಟ್ ಆಗಿದೆಯೇ ನೋಡಿ. ಆಮೇಲೆ ತಂತಿ. ಹಳೆಯ ಅನೇಕ ಕಾರ್ಡುಗಳು ಶಬ್ದವನ್ನು ತಾವೇ ಕಂಪ್ಯೂಟರಿಗೆ ಕಳಿಸುವುದಿಲ್ಲ. ಕಾರ್ಡಿನ ಆಡಿಯೋ ಔಟ್‌ನಿಂದ ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಒಂದು ಚಿಕ್ಕ ತಂತಿ ಬೇಕೇ ಬೇಕು. ಫಿಲಿಪ್ಸ್‌ನ ಎಸ್‌ಎಎ7130 ಚಿಪ್ ಇರುವ ಕಾರ್ಡ್ ಹೀಗೆ. ಅದರ ಅಣ್ಣ ಎಸ್‌ಎಎ7134 ಆದರೆ ತಂತಿ ಇಲ್ಲದೆಯೂ ಶಬ್ದ ಕಳಿಸಬಲ್ಲದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚಿಪ್ಪಿನ ಮೇಲಿನ ಸಂಖ್ಯೆ ಓದಿಕೊಂಡರೆ ಒಳ್ಳೆಯದು. ಮೈಕ್ ಜ್ಯಾಕಿಗೆ ಮಾತ್ರ ಹಾಕಬೇಡಿ, ಶಬ್ದ ಒಡೆದು ಗೊರಗೊರ ಅನ್ನುತ್ತದೆ.

ಅನಲಾಗ್ ಟ್ಯೂನರಿನಲ್ಲಿ ಬರೀ ‘ಸ್ಸ್’ ಎನ್ನುವ ಸದ್ದು ಬಂದರೆ ಶಬ್ದದ ಪದ್ಧತಿ ಡಿ/ಕೆ ಅಥವಾ ಐ ಎಂದಿರಬಹುದು. ಬಿ/ಜಿ ಆರಿಸಿ. ಅದರಲ್ಲಿ ಶಬ್ದ ಚಿತ್ರಕ್ಕಿಂತ 5.5 ಮೆಗಾಹರ್ಟ್ಸ್ ಮೇಲೆ ಇರುತ್ತದೆ, ಐನಲ್ಲಿ 6, ಡಿ/ಕೆಯಲ್ಲಿ 6.5. ಟ್ಯೂನರ್ ತಪ್ಪು ಜಾಗದಲ್ಲಿ ಹುಡುಕುತ್ತಿದ್ದರೆ ಶಬ್ದ ಹೇಗೆ ಸಿಕ್ಕೀತು?

## ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ನಿಂತು ನಿಂತು ಬರುತ್ತದೆ

ಡಿಜಿಟಲ್ ಸಿಗ್ನಲ್ ಕಡಿಮೆಯಾದರೆ ಹೀಗೆ. ಮಳೆ ಜೋರಾದಾಗ ಮಾತ್ರ ಆಗಿ ಆಮೇಲೆ ಸರಿಹೋದರೆ ಅದು ಡಿಶ್ ಬಳಸುವ ಕೆಯು ಬ್ಯಾಂಡ್ ಅಲೆಗಳ ಗುಣ, ಮಳೆಹನಿ ಆ ಅಲೆಗಳನ್ನು ಹೀರುತ್ತದೆ. ತುಂತುರು ಮಳೆಗೂ ಹೋಗುತ್ತದೆ ಅಂದರೆ ಡಿಶ್ ಸ್ವಲ್ಪ ಜರುಗಿರಬೇಕು.

ಬಿಸಿಲಿರುವಾಗಲೂ ಒಡೆಯುತ್ತಿದ್ದರೆ ತಂತಿಯ ಎರಡು ತುದಿ ನೋಡಿ. ತಿರುಚಿ ಟೇಪ್ ಸುತ್ತಿದ ಜೋಡಣೆ ಎಲ್ಲಾದರೂ ಇದ್ದರೆ ಅದೇ ಕಳ್ಳ. ನಡುವಿನ ತಾಮ್ರದ ತಂತಿಗೆ ಹೊರಗಿನ ಜಾಲರಿಯ ಒಂದು ಎಳೆ ತಾಗಿದರೂ ಸಾಕು, ಸಿಗ್ನಲ್ ಸಾಯುತ್ತದೆ. ಡಿಶ್ ತಂತಿಯಲ್ಲಿ ಹೀಗೆ ತಾಗಿದರೆ ಕಾರ್ಡ್ ಕೊಡುವ ವೋಲ್ಟೇಜೇ ಶಾರ್ಟ್ ಆಗುತ್ತದೆ. ಹಾಗಾಗಿ ಕನೆಕ್ಟರ್ ಬಿಚ್ಚುವಾಗ ಕಂಪ್ಯೂಟರ್ ಆಫ್ ಇರಲಿ. 75 ಓಮ್‌ನ ಆರ್‌ಜಿ-6 ತಂತಿ, ತಿರುಗಿಸಿ ಬಿಗಿ ಮಾಡುವ ಎಫ್ ಕನೆಕ್ಟರ್ ಹಾಕಿಸಿ.

ಆಂಟೆನಾ ತಂತಿಗೆ ಸ್ಪ್ಲಿಟರ್ ಇದ್ದರೆ ಒಮ್ಮೆ ತೆಗೆದು ನೇರ ಜೋಡಿಸಿ. ಒಂದು ನಲ್ಲಿಯ ನೀರನ್ನು ನಾಲ್ಕು ಮನೆಗೆ ಹಂಚಿದ ಹಾಗೆ, ಪ್ರತಿ ಕವಲಿನಲ್ಲೂ ಒತ್ತಡ ಇಳಿಯುತ್ತದೆ. ಎರಡು ಕವಲಿನದು ಸುಮಾರು 3.5 ಡೆಸಿಬೆಲ್ ತಿನ್ನುತ್ತದೆ, ನಾಲ್ಕು ಕವಲಿನದು 7ರ ಹತ್ತಿರ. ತೆಗೆದಾಗ ಸರಿಹೋದರೆ ಕಾರಣ ಸಿಕ್ಕಿತು.

ಸಿಗ್ನಲ್ ಮೀಟರ್ ಚೆನ್ನಾಗಿ ತೋರಿಸುತ್ತಿದ್ದು, ಒಂದರ್ಧ ಗಂಟೆ ಸರಿಯಾಗಿ ಓಡಿ ಆಮೇಲೆ ಒಡೆಯಲು ಶುರುವಾದರೆ ಕಾರ್ಡಿನ ಬಿಸಿ ನೋಡಿ. ಯುಎಸ್‌ಬಿ ಸ್ಟಿಕ್ ಬೆಚ್ಚಗಾಗುವುದು ಸಹಜ. ಮುಟ್ಟಲಾರದಷ್ಟು ಸುಡುತ್ತಿದ್ದರೆ ಸಹಜವಲ್ಲ. ಕಳಚಿ, ಗಾಳಿ ಆಡುವ ಕಡೆ ಇಟ್ಟು ಮತ್ತೆ ನೋಡಿ.

## ರೆಕಾರ್ಡಿಂಗ್ ಅರ್ಧಕ್ಕೇ ನಿಲ್ಲುತ್ತದೆ

ನಿಂತ ಫೈಲಿನ ಗಾತ್ರ ನೋಡಿ. ಸರಿಯಾಗಿ 4 ಜಿಬಿ ಹತ್ತಿರ ನಿಂತಿದ್ದರೆ ಆ ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನದ್ದು. ಅದರಲ್ಲಿ ಅದಕ್ಕಿಂತ ದೊಡ್ಡ ಫೈಲ್ ಇರಲಾರದು. ಸೆಕೆಂಡಿಗೆ 6 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 2.7 ಜಿಬಿ ಆಗುತ್ತದೆ, ಅಂದರೆ ಒಂದೂವರೆ ಗಂಟೆಯಲ್ಲಿ ಮಿತಿ ಮುಟ್ಟುತ್ತದೆ. ಎನ್‌ಟಿಎಫ್‌ಎಸ್ ಇರುವ ಡ್ರೈವಿಗೆ ಬದಲಿಸಿ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸುತ್ತದೆ, ಮುಂಚೆ ನಕಲು ತೆಗೆದಿಡಿ.

## ಕೇಬಲ್ ಮುಟ್ಟಿದರೆ ಜುಮ್ ಅನ್ನುತ್ತದೆ

ಇಲ್ಲಿ ನಿಲ್ಲಿಸಿ. ಮುಂದಿನ ಪರೀಕ್ಷೆ ನೀವು ಮಾಡಬೇಡಿ. ಮನೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸಣ್ಣ ಕರೆಂಟ್ ಸೋರಿ ಕ್ಯಾಬಿನೆಟ್ಟಿಗೆ, ಅಲ್ಲಿಂದ ಟಿವಿ ತಂತಿಯ ಹೊರ ಜಾಲರಿಗೆ ಬರುತ್ತದೆ. ಅಥವಾ ಬೀದಿಯ ಕೇಬಲ್ ಆಂಪ್ಲಿಫಯರ್ ಕಡೆಯಿಂದ, ಇನ್ನೊಬ್ಬರ ಮನೆಯಿಂದ ಬಂದಿರಬಹುದು. ಎರಡರಲ್ಲಿ ಯಾವುದು ಅಂತ ಕೈಯಿಂದ ಮುಟ್ಟಿ ಹುಡುಕುವ ವಿಷಯ ಇದಲ್ಲ. ಒದ್ದೆ ಕೈಗೆ, ಬರಿಗಾಲಿಗೆ ಜುಮ್ ಅನ್ನುವುದು ದೊಡ್ಡ ಶಾಕ್ ಆಗಬಹುದು. ಪ್ಲಗ್ ತೆಗೆದು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ ಇವತ್ತೇ ತೆಗೆಯಿರಿ.

ಡಿಶ್ ತಿರುಗಿಸಲು ಇಳಿಜಾರು ಶೀಟಿನ ಮೇಲೋ, ಕಟ್ಟೆ ಇಲ್ಲದ ತಾರಸಿಯ ಅಂಚಿಗೋ ಹೋಗಬೇಕಾದರೆ ಅದನ್ನೂ ಆ ಕೆಲಸದವರಿಗೇ ಬಿಡಿ. ಹತ್ತಿರದಲ್ಲಿ ವಿದ್ಯುತ್ ತಂತಿ ಹಾದಿದ್ದರೆ ಆಂಟೆನಾ ಕಂಬವನ್ನು ಎತ್ತಲೇಬೇಡಿ. ಸುಟ್ಟ ವಾಸನೆ ಬಂದರೆ, ಕಾರ್ಡ್ ಹಾಕಿದಾಗ ಕಂಪ್ಯೂಟರ್ ಆನ್ ಆಗದೆ ತೆಗೆದಾಗ ಆದರೆ, ಆ ಕಾರ್ಡನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಲೂ ಹೋಗಬೇಡಿ.

## ಕಾರ್ಡೇ ಬದಲಿಸಬೇಕು ಎಂದು ಖಾತ್ರಿಯಾದ ಮೇಲೆ

ನನ್ನನ್ನು ಕೇಳಿದರೆ, ಇವತ್ತು ಬೆಂಗಳೂರಿನ ಮನೆಗೆ ಕೊಳ್ಳಲು ಯೋಗ್ಯವಾದದ್ದು ಡಿವಿಬಿ-ಎಸ್2 ಕಾರ್ಡ್, ಜೊತೆಗೆ ಒಂದು ಫ್ರೀ ಡಿಶ್. ತಿಂಗಳ ಖರ್ಚಿಲ್ಲದೆ, ಬೀಗವಿಲ್ಲದೆ, ಪೂರ್ತಿ ಗುಣಮಟ್ಟದಲ್ಲಿ ನೋಡಬಹುದು, ರೆಕಾರ್ಡ್ ಮಾಡಬಹುದು. ಕೇಬಲ್ ಬಾಕ್ಸ್ ಇರುವವರಿಗೆ ದುಬಾರಿ ಟ್ಯೂನರ್ ಬೇಡ, ಕಾಂಪೋಸಿಟ್ ಇನ್‌ಪುಟ್ ಇರುವ ಸಾಧಾರಣ ಯುಎಸ್‌ಬಿ ಕ್ಯಾಪ್ಚರ್ ಸಾಧನ ಸಾಕು. ಆಂಟೆನಾದವರು ಟಿ2 ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಿ, ಅದೂ ಸಿಗ್ನಲ್ ಪರೀಕ್ಷೆ ಮಾಡಿದ ಮೇಲೆ.

ಅಂಗಡಿಗೆ ಹೋಗುವ ಮುಂಚೆ ಮದರ್‌ಬೋರ್ಡಿನ ಸ್ಲಾಟುಗಳ ಫೋಟೋ ತೆಗೆದುಕೊಳ್ಳಿ. ಈಚಿನ ಬೋರ್ಡುಗಳಲ್ಲಿ ಹಳೆಯ ಉದ್ದನೆಯ ಪಿಸಿಐ ಸ್ಲಾಟ್ ಇರುವುದು ಅಪರೂಪ, ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುತ್ತದೆ. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಲ್ಯಾಪ್‌ಟಾಪ್ ಆದರೆ ಯುಎಸ್‌ಬಿಯೇ ಗತಿ. ತೆಳ್ಳನೆಯ ಕ್ಯಾಬಿನೆಟ್ ಆದರೆ ಅರ್ಧ ಎತ್ತರದ ಪಟ್ಟಿ ಜೊತೆಗೆ ಇದೆಯೇ ಕೇಳಿ.

ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಂಗಡಿಯ ಕಂಪ್ಯೂಟರಿಗೆ ಹಾಕಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಕಾಣುವುದನ್ನು ನೋಡಿ. ನಿಮ್ಮ ವಿಂಡೋಸ್ ಯಾವುದು, 64 ಬಿಟ್ಟೇ, ಹೇಳಿ. ಅದಕ್ಕೆ ಡ್ರೈವರ್ ಇದೆಯೇ ಎಂದು ಅಲ್ಲೇ ಕೇಳಿ. ಬಿಲ್ಲಿನ ಮೇಲೆ ಮಾದರಿಯ ಹೆಸರು, ವಾಪಸ್ ಕೊಡುವ ಅವಧಿ ಬರೆಸಿಕೊಳ್ಳಿ. ಪವರ್ ಅಡಾಪ್ಟರ್, ಆಡಿಯೋ ತಂತಿ, ಕೆಲವು ಮಾದರಿಗಳಿಗೆ ಬೇಕಾಗುವ ಹಲವು ಬಾಯಿಯ ಎವಿ ತಂತಿ ಪೆಟ್ಟಿಗೆಯಲ್ಲಿ ಇವೆಯೇ ನೋಡಿ. ಆ ಎವಿ ತಂತಿ ಬಹಳ ಸಲ ಆ ಮಾದರಿಗೆಂದೇ ಮಾಡಿದ್ದು, ಆಮೇಲೆ ಬಿಡಿಯಾಗಿ ಸಿಗುವುದು ಕಷ್ಟ.